ಮಗುಚಿಟ್ಟ ಮೂರು ಎಲೆ

ನಿಜಾಮರ ಕಾಲದಲ್ಲಿ ನಾನು ಶಹಾಬಾದಿನ ಕಲ್ಲುಖಣಿಯಲ್ಲಿ ಪರಸಿ ಚಪ್ಪಡಿ ಅಳೆಯುವ ಗುಮಾಸ್ತ. ನನ್ನ ಗೆಳೆಯ ಅಲ್ಲೇ ಕಲ್ಲು ಸೀಳುವವರ ಮೇಸ್ತ್ರಿ. ದೀಪಾವಳಿ ಪಾಡ್ಯದ ಮಧ್ಯಾಹ್ನ ಬೇವಿನ ನೆರಳಲ್ಲಿ, ತಣ್ಣನೆಯ ಪರಸಿಯ ಮೇಲೆ ನಾಲ್ಕು ಜನ ಕೂತು ಮೂರೆಲೆ ಇಸ್ಪೀಟು ಆಡುವುದು ನಮ್ಮ ವಾಡಿಕೆ. ಆ ದಿನ ಆಡಿದರೆ ಅದು ಜೂಜಲ್ಲ, ಶಾಸ್ತ್ರ ಎಂದು ಹೆಂಡಂದಿರನ್ನು ನಂಬಿಸಿದ್ದೆವು.

ಆ ವರ್ಷ ಅವನ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ. ಬೇಗ ಹೈದರಾಬಾದಿನ ದೊಡ್ಡ ದವಾಖಾನೆಗೆ ಒಯ್ದರೆ ಉಳಿದಾಳು ಎಂದು ಊರಿನ ಹಕೀಮರು ಕೈಚೆಲ್ಲಿದ್ದರು. ಖರ್ಚಿಗೆ ನಾನು ಕೊಡುತ್ತೇನೆ ಎಂದರೆ ಅವನು ನಕ್ಕ.

“ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ ಅಂತಾರಲ್ಲೋ. ನಿನ್ನ ಕೋಡಂಗಿ ಮಾಡ್ಲೇನು? ಬ್ಯಾಡ. ನನ್ನ ಹೇಣ್ತಿ, ನನ್ನ ರೊಕ್ಕ.”

ಗೆದ್ದ ಹಣವನ್ನಾದರೂ ಬೇಡ ಎನ್ನಲಾರ ಎಂದುಕೊಂಡೆ. ಉಳಿಸಿಟ್ಟಿದ್ದನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡು, ಸೋಲಲೆಂದೇ ಆಟಕ್ಕೆ ಹೋದೆ.

ಅವನದೊಂದು ಗುಟ್ಟು ನನಗಷ್ಟೇ ಗೊತ್ತಿತ್ತು. ಒಳ್ಳೆಯ ಎಲೆಯಿಲ್ಲದೆ ಬರೀ ಧೈರ್ಯದ ಮೇಲೆ ಹಣ ಏರಿಸುವಾಗ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸುತ್ತಿದ್ದ. ತನ್ನ ಸುಳ್ಳನ್ನು ಶಿವ ನೋಡಬಾರದು! ಆ ಬೆಳ್ಳಿ ಕರಡಿಗೆಯನ್ನು ನೋಡಿಯೇ ಎಷ್ಟೋ ಹಬ್ಬ ಅವನನ್ನು ಸೋಲಿಸಿ, ಅವನ ದುಡ್ಡಲ್ಲೇ ಜಿಲೇಬಿ ತಿಂದಿದ್ದೆ.

ಕೊನೆಯ ಆಟದಲ್ಲಿ ಉಳಿದಿಬ್ಬರು ಎಲೆ ಚೆಲ್ಲಿದರು. ನಾವಿಬ್ಬರೇ ಉಳಿದೆವು. ಅಷ್ಟರಲ್ಲಿ ನನ್ನ ಸೊಂಟದ ಗಂಟಿನ ಬಹುಪಾಲು ರಾಶಿಗೆ ಸೇರಿತ್ತು. ಅವನು ಕರಡಿಗೆಯನ್ನು ಬೆನ್ನಿಗೆ ಸರಿಸಿ, ಜೇಬಿನಲ್ಲಿದ್ದುದನ್ನೆಲ್ಲ ಪರಸಿಯ ಮೇಲೆ ಸುರಿದ.

“ನೋಡ್ತಿಯೋ, ಬಿಡ್ತಿಯೋ?”

ನನ್ನ ಕೈಯಲ್ಲಿ ಎರಡು ರಾಜ, ಒಂದು ಎಕ್ಕ. ಅಷ್ಟೇ ಹಣ ಹಾಕಿ ಎಲೆ ತೋರಿಸು ಎಂದರೆ ಗೆಲ್ಲುವವನು ನಾನೇ. ಬಿಟ್ಟರೆ ರಾಶಿಯೆಲ್ಲ ಅವನದು. ನಾಳೆಯೇ ಗಂಡಹೆಂಡತಿ ರೈಲು ಹತ್ತಬಹುದು. ಬಂದದ್ದೇ ಇದಕ್ಕಾಗಿ. ಆದರೂ ಬೆರಳು ಎಲೆ ಬಿಡಲೊಲ್ಲದು. ಹೆದರುಪುಕ್ಕಲ ಎಂದು ಉಳಿದಿಬ್ಬರು ವರ್ಷವಿಡೀ ಆಡಿಕೊಳ್ಳುತ್ತಾರಲ್ಲ! ಅಂಥ ಹೊತ್ತಿನಲ್ಲೂ ನನಗೆ ಅದೇ ಚಿಂತೆ.

“ಬಿಟ್ಟೆ” ಎಂದು ಮೂರೂ ಎಲೆ ಮಗುಚಿಟ್ಟೆ.

ಅವರಿಬ್ಬರೂ ಕೇಕೆ ಹಾಕಿದರು. ಅವನು ನಗಲಿಲ್ಲ. ರಾಶಿಯತ್ತ ಚಾಚಿದ ಕೈಯನ್ನು ತಡೆದು, ನನ್ನ ಮುಖ ನೋಡಿ, ನನ್ನ ಎಲೆಗಳನ್ನು ತಿರುವಿದ.

“ರಾಜನ ಜೋಡಿ ಇಟ್ಕೊಂಡು ಬಿಟ್ಟಿ? ನನಗ ಭಿಕ್ಷಾ ಹಾಕಾಕತ್ತೀಯೇನೋ?”

ಕರಡಿಗೆಯನ್ನು ಎದೆಗೆ ತಂದುಕೊಂಡು, ತಾನು ಹಾಕಿದ್ದಷ್ಟನ್ನೇ ಎಣಿಸಿ ಎತ್ತಿಕೊಂಡು ನಡೆದ. ಬೆನ್ನು ಹತ್ತಿ ಹೋದೆ. ಬೈದೆ, ಅತ್ತೆ, ಕಾಲೂ ಹಿಡಿದೆ. ಕೇಳಲಿಲ್ಲ. ಸಂಕ್ರಾಂತಿಗೆ ಮೊದಲೇ ಆಕೆ ತೀರಿಕೊಂಡಳು. ಮಣ್ಣಿಗೆ ಹೋದಾಗ ಅವನು ನನ್ನತ್ತ ತಿರುಗಿಯೂ ನೋಡಲಿಲ್ಲ.

ಅವನ ಹಟವೇ ಆಕೆಯನ್ನು ಕೊಂದಿತು ಎಂದು ಊರವರು ಅಂದರು. ನಾನೂ ಇಷ್ಟು ವರ್ಷ ಹೂಂಗುಟ್ಟುತ್ತ ಬಂದೆ. ಆದರೆ ಬಿಟ್ಟವನು ತನ್ನ ಎಲೆಗಳನ್ನು ಉಳಿದ ಎಲೆಗಳಲ್ಲಿ ಬೆರೆಸಿಬಿಡುವುದು ನಮ್ಮ ಪದ್ಧತಿ. ಆ ದಿನ ನಾನು ಬೆರೆಸಲಿಲ್ಲ; ಅವನ ಕೈಗೆ ಎಟಕುವ ಹಾಗೆ ಇಟ್ಟೆ. ನಾನು ಹೆದರಿ ಬಿಡಲಿಲ್ಲ ಎಂದು ಅವನಿಗೊಬ್ಬನಿಗಾದರೂ ಗೊತ್ತಾಗಲಿ ಎಂಬ ಆಸೆ ನನಗಿತ್ತು.