ಮಾವನ ಬೆಳ್ಳಿ ಉಡದಾರ

ಬುಧವಾರ, ಬೆಳಗಿನ ಆರು ಗಂಟೆ, ಉಮರ್ಗಾದ ನಮ್ಮ ಮನೆಯ ಬಚ್ಚಲು. ಹಾಜರಿದ್ದವರು ನಾನು ಒಳಗೆ, ಹೆಂಡತಿ ಬಾಗಿಲಾಚೆ. ತಂಬಿಗೆ ಎತ್ತಿಕೊಳ್ಳಲು ಬಗ್ಗಿದೆ, ಸೊಂಟದ ಉಡದಾರ ಫಟ್ಟನೆ ಹರಿಯಿತು.

ನಮ್ಮ ಕಡೆ ಗಂಡಸಿನ ಸೊಂಟ ಬರಿದಾಗಿರಕೂಡದು. ಉಡದಾರ ತೆಗೆಯುವುದೇನಿದ್ದರೂ ಹೆಣಕ್ಕೆ. ಹೆಂಡತಿ ಬಾಗಿಲ ಸಂದಿಯಿಂದ ಪೈಜಾಮದ ಲಾಡಿಯೊಂದನ್ನು ಚಾಚಿದಳು.

"ಸದ್ಯಕ್ಕ ಇದನ್ನ ಕಟ್ಕೋರಿ. ಹೊಸಾದು ತರೂಮುಂದ ಒಂದು ಗೇಣು ಹೆಚ್ಚಿಗಿ ತರ್ರಿ."

ಆ ಗೇಣು ನನ್ನನ್ನು ಚುಚ್ಚಿತು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ, ಗಡಿಯಾರ ನೋಡಿ ಬಸ್ಸು ಬಿಡಿಸಿದವನು ನಾನು. ನಿವೃತ್ತನಾದ ಮೇಲೂ ಚಹಾ, ಸ್ನಾನ, ಊಟ ಎಲ್ಲಕ್ಕೂ ವೇಳೆಯುಂಟು. ಹೊಟ್ಟೆಯೂ ಅಷ್ಟೇ ಶಿಸ್ತಿನಿಂದ, ಒಂದು ದಿನ ರಜೆ ಹಾಕದೆ, ಬೆಳೆದಿತ್ತು ನೋಡಿ.

ಉಡದಾರ ಎಂದೊಡನೆ ಗುಂಜೋಟಿಯ ಮಾವ, ಅಂದರೆ ನನ್ನ ಅಕ್ಕನ ಗಂಡ, ನೆನಪಾಗುತ್ತಾರೆ. ಅವರದು ಬೆಳ್ಳಿಯದು, ಮದುವೆಯಲ್ಲಿ ನಮ್ಮಪ್ಪ ಹಾಕಿದ್ದು. ಹೊಟ್ಟೆ ಬೆಳೆದಾಗಲೆಲ್ಲ ಅಕ್ಕಸಾಲಿಗನನ್ನು ಕರೆಸಿ ಕೊಂಡಿ ಸೇರಿಸುತ್ತಿದ್ದರು. ಕೊಕ್ಕೆ ಪದೇಪದೇ ಬಿಚ್ಚಿಕೊಳ್ಳುತ್ತದೆಂದು ಕೊನೆಗೆ ಅಡಿಯಲ್ಲಿ ಒದ್ದೆ ಬಟ್ಟೆ ಇಟ್ಟು ಸೊಂಟದ ಮೇಲೆಯೇ ಬೆಸುಗೆ ಹಾಕಿಸಿದರು! "ಇದು ಬರೇ ಹೊಟ್ಟಿ ಅಲ್ಲೋ, ನಿಮ್ಮಕ್ಕನ ಕೈಗುಣ," ಎಂದು ತಟ್ಟಿ ತೋರಿಸುವರು.

ಕೆಲವು ವರ್ಷಗಳ ಹಿಂದೆ ನಾವೆಲ್ಲ ಉದಗೀರಿಗೆ ಒಂದು ಲಗ್ನಕ್ಕೆ ಹೊರಟಿದ್ದೆವು. ಮೂತ್ರಕ್ಕೆಂದು ಮಾವ ಕಾಸಾರಶಿರಸಿಯಲ್ಲಿ ಇಳಿದರು. ನಿಲಂಗಾದಲ್ಲಿ ಮತ್ತೆ ಇಳಿದರು. ಮುಂದೆ ಬೇವಿನ ಗಿಡವೊಂದರ ಬಳಿಯೂ ಬಸ್ಸು ನಿಲ್ಲಿಸಿದರು. ಹೋದರೆ ಬೇಗ ಬರುವವರೂ ಅಲ್ಲ.

"ಕಾಕಾ, ಲೌಕರ್ ಯಾ, ಲಗೂನ ಬರ್ರಿ! ನಿಮ್ಮ ಹೆಸರಿಲೆ ಇಲ್ಲೊಂದು ಸ್ಟಾಪ್ ಮಾಡ್ಲೇನು?" ಎಂದು ಕಂಡಕ್ಟರ್ ಕೂಗಿದ. ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ. ಬಸ್ಸು ತಡವಾಗಿತ್ತು, ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ರೋಗಲಕ್ಷಣವಿಲ್ಲ. ಅಕ್ಷತೆ ಬಿದ್ದೊಡನೆ ಮಾವನನ್ನು ದವಾಖಾನೆಗೆ ಎಳೆದುಕೊಂಡು ಹೋದೆ. ಅಕ್ಕನೂ ಹಿಂದೆ ಬಂದಳು.

ಪರೀಕ್ಷಿಸಿದ ಡಾಕ್ಟರರಿಗೆ ಪ್ರಾಸ್ಟೇಟ್ ಗ್ರಂಥಿಯ ಮೇಲೆ ಅನುಮಾನ ಬಂತು. "ಬೊಜ್ಜಿದ್ದವರಿಗೆಲ್ಲ ಕ್ಯಾನ್ಸರ್ ಬರ್ತದಂತ ಅಲ್ರಿ. ಆದ್ರ ಬಂತಂದ್ರ ಜೋರಿರೋ ಸಂಭವ ಜಾಸ್ತಿ. ರಕ್ತದ ಟೆಸ್ಟಿನ್ಯಾಗ ಅಂಕಿ ಕಮ್ಮಿ ತೋರಿಸಿ ಮೋಸಾನೂ ಮಾಡ್ತದ. ಸ್ಕ್ಯಾನ್ ಆಗ್ಲೇಬೇಕು. ಮೈಮ್ಯಾಲಿನ ಲೋಹ ಎಲ್ಲಾ ತೆಗೀರಿ."

ಮಾವ ಎದ್ದೇಬಿಟ್ಟರು. "ಉಡದಾರ ಕತ್ತರಿಸಿ ಜೀವಂತ ಹೆಣ ಆಗ್ಲೇನು? ನಡೀರಿ ಮನಿಗೆ!"

ನಾನು ಆರೋಗ್ಯದ ಬಗ್ಗೆ ಉದ್ದ ಭಾಷಣ ಮಾಡಿದೆ. ಅವರು ಚಪ್ಪಲಿ ಹುಡುಕುತ್ತಿದ್ದರು. ಅಷ್ಟರಲ್ಲಿ ಅಕ್ಕ ಎದುರಿನ ಅಂಗಡಿಯಿಂದ ಕರಿದಾರ ತಂದು, ಬೆಳ್ಳಿಯ ಕೆಳಗೆ ಸುತ್ತಿ ಗಂಟು ಹಾಕಿಯೇಬಿಟ್ಟಳು.

"ಈಗ ನಡಾ ಖಾಲಿ ಇಲ್ಲ. ಬೆಳ್ಳಿ ನಮ್ಮಪ್ಪಂದು, ಕತ್ತರಸೋ ಹಕ್ಕು ನಂದು. ಸುಮ್ನ ಕುಂಡರ್ರಿ."

ಮಾವ ಕುಳಿತರು. ಪೇಟೆಯಿಂದ ಬಂದ ಅಕ್ಕಸಾಲಿಗ ಕೊಂಡಿ ಕತ್ತರಿಸಿದ.

ರೋಗವಿತ್ತು. ಗ್ರಂಥಿಯಾಚೆ ಹಬ್ಬಿರಲಿಲ್ಲ. ಚಿಕಿತ್ಸೆಯಾಯಿತು, ದಿನಾ ನಡಿಗೆ ಶುರುವಾಯಿತು, ಊಟ ಅರ್ಧಕ್ಕಿಳಿಯಿತು. ಹೊಟ್ಟೆ ಕರಗಿ ಉಡದಾರ ಗಿಡ್ಡ ಮಾಡಿಸಿದಾಗ ಉಳಿದ ಕೊಂಡಿಗಳಲ್ಲಿ ಅಕ್ಕ ಕಾಲುಂಗುರ ಮಾಡಿಸಿಕೊಂಡಳು. ಮಾವನ ಹೊಟ್ಟೆ ಈಗ ಅವಳ ಕಾಲಲ್ಲಿ ಮನೆತುಂಬ ಓಡಾಡುತ್ತದೆ.

ಲಾಡಿ ಕಟ್ಟಿಕೊಂಡೇ ಮಾವನಿಗೆ ಫೋನು ಮಾಡಿದೆ. ಹರಿದ ಕಥೆ ಕೇಳಿ ಅವರು ಬಿದ್ದುಬಿದ್ದು ನಕ್ಕರು. ಆಮೇಲೆ ಕೇಳಿದರು: "ಕಂಟ್ರೋಲರ್ ಸಾಹೇಬ್ರ, ನಿಮ್ಮ ಬಸ್ಸಿಗೆ ರಾತ್ರಿ ಎಷ್ಟು ಸ್ಟಾಪ್ ಅದಾವು?"

ಅಡುಗೆಮನೆಯ ಕಡೆ ನೋಡಿ, "ಮೂರು," ಎಂದೆ. ಕೆಲವು ತಿಂಗಳಿಂದ ರಾತ್ರಿ ಮೂತ್ರಕ್ಕೆ ಏಳುತ್ತಿದ್ದುದನ್ನು ಹೆಂಡತಿಗೂ ಹೇಳಿರಲಿಲ್ಲ.

"ಹಂಗಾರ ದಾರಾ ಆಮ್ಯಾಲ ತರ್ರಿ. ಮೊದಲು ಉದಗೀರ ಗಾಡಿ ಹತ್ರಿ."

ಹತ್ತಿದೆ. ಅದೇ ಡಾಕ್ಟರರಿಗೆ ತೋರಿಸಿ ರಕ್ತ ಕೊಟ್ಟೆ. ದಾರಿಯಲ್ಲಿ ನಿಲಂಗಾದಲ್ಲಿ ಇಳಿಯಬೇಕಾಯಿತು ಎಂಬುದನ್ನೂ ಮುಚ್ಚಿಡದೆ ಹೇಳಿದೆ. ವರದಿ ನಾಳೆ. ಬರುವಾಗ ಕರಿದಾರ ಕೊಂಡೆ, ಹಳೆಯ ಅಳತೆಯದೇ. ಸಂಜೆ ಹೆಂಡತಿ ಎಳೆದೆಳೆದು ಗಂಟು ಹಾಕಿದಳು.

"ಉಸಿರಾಡ್ಲಿಕ್ಕರ ಬರ್ತದೇನ್ರಿ?"

"ಬರ್ತದ. ಉಣ್ಣಾಕಷ್ಟ ಬರಂಗಿಲ್ಲ."

ಇಬ್ಬರೂ ನಕ್ಕೆವು. ಆಮೇಲೆ ಲಾಡಿಯನ್ನು ಪೈಜಾಮಕ್ಕೆ ಪೋಣಿಸಿ, ಮಡಿಚಿ, ಅದರ ಜಾಗದಲ್ಲಿಟ್ಟೆ.