ಹೆದ್ದಾರಿಗೆ ಕಾಣುವ ಗೋಡೆ

ನಮ್ಮ ಹೆಡ್‌ಮೇಡಂ ಬಳೆಗೆ ಸಾಲಾಗಿ ಸೇಫ್ಟಿಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಯಾವ ಹುಡುಗಿಯ ಲಂಗದ ಹುಕ್ಕು ಕಿತ್ತುಹೋದರೂ ಪಾಠ ನಿಲ್ಲಿಸದೆ ಒಂದು ಪಿನ್ನು ತೆಗೆದು ಚುಚ್ಚಿಬಿಡುವರು. ಕುಣಿಗಲ್ ದಾಟಿದ ಮೇಲೆ ಹೆದ್ದಾರಿ ಪಕ್ಕದಲ್ಲಿದ್ದ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ. ಎಂಟನೇ ತರಗತಿಯಲ್ಲಿ ನಾನು ದೊಡ್ಡವಳಾದಾಗ ಅಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಳು: “ದಸರಾ ರಜ ತಂಕ ಹೋಗು. ಬೇಲಿ ಮರೆಗೆ ಕೂರೋ ಇಸ್ಕೂಲು ಆಮೇಲೆ ಸಾಕು ಬುಡು.”

ಆ ಮಳೆಗಾಲದಲ್ಲೇ ತುಮಕೂರಿನ ಕಾರ್ಖಾನೆಯೊಂದರ ಅಧಿಕಾರಿ ಕಾರಿನಲ್ಲಿ ಬಂದರು. ಕಂಪನಿ ಸಮಾಜಸೇವೆಗೆ ಹೊರಟಿತ್ತು. ಶಾಲೆಗೊಂದು ರಂಗಮಂದಿರ ಕಟ್ಟಿಸುವ ಆಸೆ. ಹೆಡ್‌ಮೇಡಂ ಶೌಚಾಲಯ ಕೇಳಿದರು. ಅಧಿಕಾರಿ ಮುಖ ಸಿಂಡರಿಸಿ, “ಕಕ್ಕಸಿನ ಮೇಲೆ ನಮ್ ಕಂಪ್ನಿ ಹೆಸ್ರು ಹಾಕೋಕಾಗುತ್ತಾ ಮೇಡಂ?” ಎಂದರು.

ದಾನಿಗಳ ಸ್ವಭಾವವನ್ನು ಹೆಡ್‌ಮೇಡಂ ಅರೆದು ಕುಡಿದಿದ್ದರು. ಅವರೂರಿನ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಕೊಟ್ಟವರ ಹೆಸರನ್ನು ಎಷ್ಟು ದಪ್ಪಗೆ ಬರೆಸಿದ್ದರೆಂದರೆ, ಬೆಳಕು ಹೊರಬರಲು ಜಾಗವೇ ಇರಲಿಲ್ಲವಂತೆ. “ಕೊಡೋರಿಗೆ ಮೊದ್ಲು ಗೋಡೆ ತೋರಿಸ್ಬೇಕು ಕಣ್ರೇ” ಎಂದು ನಮಗೆ ಹೇಳುತ್ತಿದ್ದರು.

ಅಧಿಕಾರಿಯನ್ನೂ ಬೇಲಿಯ ಹತ್ತಿರ ಕರೆದೊಯ್ದರು. “ಇಲ್ಲಿ ಕಟ್ಟಿದ್ರೆ ಹಿಂದಿನ್ ಗೋಡೆ ಪೂರ್ತಿ ಹೈವೇಗೆ ಕಾಣ್ತೈತೆ ಸಾರ್. ಮಂಗ್ಳೂರಿಗೆ ಹೋಗೋ ಬಸ್ಸಿನೋರೆಲ್ಲ ಓದ್ಕೊಂಡೇ ಹೋಗ್ಬೇಕು. ಒಳಗಡೆ ರಂಗಮಂದಿರ ಕಟ್ಟಿದ್ರೆ ಯಾರ್ ನೋಡ್ತಾರೆ?”

ಅಧಿಕಾರಿ ಗೋಡೆಯಿಲ್ಲದ ಜಾಗವನ್ನೇ ಬಹಳ ಹೊತ್ತು ನೋಡಿದರು. ದಸರಾಕ್ಕೆ ಮೊದಲೇ ಕಟ್ಟಡ ಎದ್ದಿತು, ಹಿಂದಿನ ಗೋಡೆಯ ತುಂಬ ಆಳೆತ್ತರದ ಅಕ್ಷರಗಳಲ್ಲಿ ಕಂಪನಿಯ ಹೆಸರು.

ಉದ್ಘಾಟನೆಯ ದಿನ ಅಧಿಕಾರಿ ಸಮಾಜದ ಋಣದ ಬಗ್ಗೆ ಭಾಷಣ ಎಳೆದರು, ಎಳೆದರು. ಬಾಗಿಲಿಗೆ ಟೇಪು ಕಟ್ಟಿತ್ತು. ಬೆಳಗ್ಗೆಯಿಂದ ತಡೆದುಕೊಂಡಿದ್ದ ನಾವು ಕಾಲು ಬದಲಿಸುತ್ತ ಸಾಲಾಗಿ ನಿಂತಿದ್ದೆವು. ಹೆಡ್‌ಮೇಡಂ ಕತ್ತರಿಯನ್ನು ಅವರ ಕೈಗೆ ತುರುಕಿ, “ಸಾರ್, ನಿಮ್ ಸಮಾಜಸೇವೆ ಮಕ್ಳಿಗೆ ಅರ್ಜೆಂಟಾಗೈತೆ” ಎಂದರು.

ಮಾರನೇ ದಿನ ಅಮ್ಮನನ್ನು ಕರೆಸಿ ಒಳಗಿನ ಚಿಲಕ ತೋರಿಸಿದರು. ಅಮ್ಮ ಒಳಹೋಗಿ ಚಿಲಕ ಹಾಕಿಕೊಂಡು, ಹೆಡ್‌ಮೇಡಂ ಕೈಯಲ್ಲೇ ಹೊರಗಿಂದ ಬಾಗಿಲು ತಳ್ಳಿಸಿ ಪರೀಕ್ಷೆ ಮಾಡಿದಳು. “ಗಟ್ಟಿಯಾಗೈತೆ. ಕಳಿಸ್ತೀನಿ ಬುಡಿ” ಎಂದಳು.

ಮುಂದೆ ತುಮಕೂರಿನ ಕಾಲೇಜೊಂದರಲ್ಲಿ ನಾನು ವಾಣಿಜ್ಯ ಪಾಠ ಹೇಳುವವಳಾದೆ. ಕಂಪನಿಗಳು ಸಮಾಜಕ್ಕೆಂದು ಏಕೆ ಖರ್ಚು ಮಾಡುತ್ತವೆ ಎಂಬ ಪ್ರಶ್ನೆಗೆ ‘ಒಳ್ಳೆಯ ಹೆಸರು, ಜನರ ನಂಬಿಕೆ’ ಎಂದು ಬರೆಸುತ್ತಿದ್ದೆ. ಹೆಡ್‌ಮೇಡಂ ತೀರಿಕೊಂಡ ವಾರವೇ ಆ ಪಾಠ ಬಂತು. “ಎಲ್ಲಾ ಹೆಸ್ರು ಬರ್ಲಿ ಅಂತಾನೇ ಮಾಡೋದು, ಅಲ್ವಾ ಮೇಡಂ?” ಎಂದಳು ಒಬ್ಬ ಹುಡುಗಿ. ಹೌದು ಎಂದೆ. ಅಂಥದೊಂದು ಹೆಸರಿನ ಹಿಂದೆ ಚಿಲಕ ಇದ್ದುದರಿಂದಲೇ ನಾನು ಇಲ್ಲಿ ನಿಂತಿದ್ದೇನೆ ಎಂದು ಹೇಳಹೊರಟವಳು ಡಸ್ಟರ್ ಹಿಡಿದು ಬೋರ್ಡಿನ ಕಡೆ ತಿರುಗಿದೆ.