ಉದ್ದಿನ ವ್ಯಾಪಾರಿಯ ಬರ್ಮಾ ಮಾತು

ಸಂಜೆ, ತಮಿಳು ಸೀಮೆಯ ಬಂದರಿನ ಬಳಿ, ಪ್ಯಾರೀಸ್ ಕಾರ್ನರಿನಲ್ಲಿ, ಬರ್ಮಾ ನೂಡಲ್ಸ್ ಮಾರುವ ತಳ್ಳುಗಾಡಿಯೊಂದರ ಮುಂದೆ ಭಾವನ ಜೊತೆ ನಿಂತಿದ್ದೇನೆ. ಭಾವನಿಗೆ ಇಲ್ಲೇ ಬ್ಯಾಂಕಿನಲ್ಲಿ ಕೆಲಸ; ನಾನು ಅವರ ಮನೆಗೆ ಬಂದವನು. ಗಾಡಿಯವನೂ ಬೆಂಚಿನಲ್ಲಿ ಕೂತು ತಿನ್ನುತ್ತಿರುವ ಉದ್ದಿನ ವ್ಯಾಪಾರಿಯೂ ರಂಗೂನಿನಲ್ಲಿ ಹುಟ್ಟಿ, ಹುಡುಗರಾಗಿದ್ದಾಗ ಉಟ್ಟ ಬಟ್ಟೆಯಲ್ಲೇ ಓಡಿಬಂದ ತಮಿಳರು ಎಂದು ಭಾವ ಹೇಳಿದ್ದರು. ಇಬ್ಬರೂ ಬರ್ಮಾ ಭಾಷೆಯಲ್ಲೇ ಹರಟುತ್ತಿದ್ದರು.

ಅಷ್ಟರಲ್ಲಿ ಸಣಕಲು ಮನುಷ್ಯನೊಬ್ಬ ಬಂದ. ತನ್ನ ಭಾಷೆ ಕಿವಿಗೆ ಬಿದ್ದು ಅವನ ಮುಖ ಅರಳಿತ್ತು. ವ್ಯಾಪಾರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದೇ ಭಾಷೆಯಲ್ಲಿ ಬೇಡಿಕೊಳ್ಳುತ್ತಾ, ಅಂಗಿ ಎತ್ತಿ ಬೆನ್ನಿನ ಬಾಸುಂಡೆ ತೋರಿಸಿದ.

ವ್ಯಾಪಾರಿ ತಟ್ಟೆಯಿಂದ ತಲೆ ಎತ್ತಲಿಲ್ಲ. “ತಮಿಳ್‌ಲ ಸೊಲ್ಲುಪ್ಪಾ, ಪುರಿಯಲ” ಎಂದ. ತಮಿಳಲ್ಲಿ ಹೇಳಪ್ಪಾ, ಅರ್ಥವಾಗುತ್ತಿಲ್ಲ ಅಂತ!

ಆ ಮನುಷ್ಯ ಗಾಡಿಯವನ ಕಡೆ ತಿರುಗಿದ. ಗಾಡಿಯವನು ಈರುಳ್ಳಿ ಹೆಚ್ಚತೊಡಗಿದ.

“ಪಾಪ, ಅಲ್ಲಿಯ ಸೈನ್ಯಕ್ಕೆ ಹೆದರಿ ಓಡಿಬಂದೋನು” ಎಂದು ಭಾವ ಪಿಸುಗುಟ್ಟಿದರು. “ನಾಳೆ ಪೊಲೀಸ್ ವಿಚಾರಣೆ ಇದೆಯಂತೆ, ಬ್ಯಾಂಕಲ್ಲಿ ಮಾತಾಡ್ಕೊಳ್ತಿದ್ರು. ಅವನ ಪರವಾಗಿ ಮಾತಾಡೋರು ಇಲ್ಲದಿದ್ರೆ ವಾಪಸ್ ಕಳಿಸಿಬಿಡ್ತಾರೆ. ಭಾಷೆ ಬಂದವರನ್ನೆಲ್ಲ ಕೇಳ್ತಾ ಇದಾನೆ.”

“ಇವರೇ ಹೋಗಬಹುದಲ್ಲ ಭಾವ?”

“ಹೋದ್ರೆ ಸುದ್ದಿ ಅಲ್ಲಿಯ ಸೈನ್ಯಕ್ಕೆ ಮುಟ್ಟುತ್ತೆ. ರಂಗೂನಿಗೆ ಹೋಗೋಕೆ ಇವರಿಗೆ ಮತ್ತೆ ವೀಸಾ ಕೊಡಲ್ಲ, ಅಲ್ಲಿಂದ ಉದ್ದು ಬರಲ್ಲ. ನಮ್ಮನೆ ಇಡ್ಲೀನೂ ಅದೇ ಉದ್ದಿಂದೇ ಅಲ್ವಾ?”

ಬೆಳಿಗ್ಗೆ ನಾನೂ ಮತ್ತೆ ಮತ್ತೆ ಹಾಕಿಸಿಕೊಂಡು ತಿಂದಿದ್ದೆ.

ಆ ಮನುಷ್ಯ ಅಂಗಿ ಇಳಿಸಿಕೊಂಡು ಎದ್ದ. ಬಂದರಿನ ಕಡೆ ಹೋಗುವ ಜನರ ನಡುವೆ ಅವನು ಕಾಣದಾಗುವವರೆಗೂ ಗಾಡಿಯವನು ಈರುಳ್ಳಿ ಹೆಚ್ಚುತ್ತಲೇ ಇದ್ದ. ಆಮೇಲೆ ವ್ಯಾಪಾರಿ ತಟ್ಟೆ ಚಾಚಿ, ಮೆಲ್ಲಗೆ, ಬರ್ಮಾ ಭಾಷೆಯಲ್ಲಿ ಏನೋ ಕೇಳಿದ. ಗಾಡಿಯವನು ಇನ್ನೊಂದು ಹಿಡಿ ನೂಡಲ್ಸ್ ಹಾಕಿದ.